ಯಂತ್ರ ಕಣ್ಣು ಬಿಡುವ ಮುನ್ನ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ನವಜಾತ ಶಿಶುಗಳನ್ನು ಬೆಚ್ಚಗಿಡುವ ತೊಟ್ಟಿಲು ತಯಾರಿಸುವ ಆ ಪುಟ್ಟ ಕಾರ್ಖಾನೆಯ ಬೀಗ ತೆಗೆದ ಹೆಂಗಸು ನೇರ ಹೋಗುವುದು ಕಿಟಕಿ ಪಕ್ಕದ ತೊಟ್ಟಿಲಿನ ಬಳಿಗೆ. ರಾತ್ರಿಯಿಡೀ ಆಫ್ ಆಗಿದ್ದ ಅದರ ಸ್ವಿಚ್ ಒತ್ತಿ, ಹಾಸಿಗೆಯ ಮೇಲೆ ಅಂಗೈ ಊರುತ್ತಾರೆ. ತಣ್ಣಗಿದೆ. ಆಮೇಲೆಯೇ ಚಹಾ.

ಎಲ್ಲರೂ ಅವರನ್ನು ಕರೆಯುವುದು ‘ಅಕ್ಕ’ ಎಂದು. ತೊಟ್ಟಿಲಿನ ಕಂಪ್ಯೂಟರ್ ಚಿಪ್ಪಿಗೆ ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಹಲವರಿದ್ದಾರೆ. ಅದು ಓಡುವುದಕ್ಕೆ ಮುಂಚಿನ ಕ್ಷಣ ಮಾತ್ರ ಅಕ್ಕನದು. ಕರೆಂಟು ಬಂದಾಗ ಮೆಮೊರಿಯಲ್ಲಿ ಏನು ಬೇಕಾದರೂ ಇರಬಹುದು. ಇಡೀ ಪ್ರೋಗ್ರಾಂ ನಂಬಿಕೊಂಡಿರುವ, ಅಂಕಿಗಳನ್ನಿಡುವ ಗೂಡುಗಳಾದ ಗ್ಲೋಬಲ್ ವೇರಿಯೇಬಲ್‌ಗಳಿಗೆ ಅವುಗಳ ಮೊದಲ ಅಂಕಿಯನ್ನು ತಂದು ತುಂಬಬೇಕು, ಮಿಕ್ಕವನ್ನು ಸೊನ್ನೆ ಮಾಡಬೇಕು.

“ಬಾಡಿಗೆಯವರು ಬರೋ ಮುಂಚೆ ಮನೆ ಗುಡಿಸಿ, ಸುಣ್ಣ ಬಳಿದು ಕೊಡಲ್ವಾ, ಅಷ್ಟೇ ನನ್ನ ಕೆಲಸ. ಬಂದವರಿಗೆ ನನ್ನ ಗುರುತೂ ಇರಲ್ಲ” ಎಂದು ನಗುತ್ತಾರೆ.

ಕೆಲಸ ಕಲಿಸಿದವರು ಹಳೆಯ ಮೇಲ್ವಿಚಾರಕರು, ಎಲ್ಲರ ಬಾಯಲ್ಲಿ ‘ಮೇಷ್ಟ್ರು’. ಆಗ ಚಿಪ್ಪಿನ ನೆತ್ತಿಯಲ್ಲಿ ಗಾಜಿನ ಕಿಂಡಿ ಇರುತ್ತಿತ್ತು. ಹೊಸ ಪ್ರೋಗ್ರಾಂ ತುಂಬುವ ಮುನ್ನ, ನೇರಳಾತೀತ ದೀಪದಡಿ ಅದರಲ್ಲಿದ್ದ ಹಳೆಯದು ಅಳಿಯುವಷ್ಟು ಹೊತ್ತು ಇಬ್ಬರೂ ಗೋಡೆಗೊರಗಿ ಮನೆ ಸುದ್ದಿ ಮಾತಾಡುತ್ತಿದ್ದರು. “ಈಗ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಮಾತಾಡೋಕೆ ಪುರುಸೊತ್ತೇ ಉಳಿದಿಲ್ಲ” ಎನ್ನುತ್ತಾರೆ ಅಕ್ಕ.

ಮೇಷ್ಟ್ರು ತೀರಿಕೊಂಡ ವರ್ಷವೇ ಹೊಸ ಚಿಪ್ಪು ಬಂತು. ಯಂತ್ರ ಬೇಗ ಶುರುವಾಗಲಿ ಎಂದು ಯಾರೋ ಸೊನ್ನೆ ತುಂಬುವ ಪ್ರೋಗ್ರಾಂ ಸಾಲುಗಳನ್ನು ಕಿತ್ತುಹಾಕಿದ್ದರು. ಕಾರ್ಖಾನೆಯಲ್ಲಿ ಆಫ್ ಮಾಡಿದ ಕೂಡಲೇ ಮತ್ತೆ ಆನ್ ಮಾಡುತ್ತಿದ್ದರಿಂದ ಮೆಮೊರಿಯಲ್ಲಿ ಹಿಂದಿನ ಸೊನ್ನೆಗಳೇ ಅಳಿಯದೆ ಉಳಿದು, ಎಲ್ಲವೂ ಸರಿಯಿದ್ದಂತೆ ಕಂಡಿತು. ಆದರೆ ಒಂದು ಆಸ್ಪತ್ರೆಯಲ್ಲಿ, ರಾತ್ರಿ ಆರಿಸಿಟ್ಟ ತೊಟ್ಟಿಲು ಬೆಳಿಗ್ಗೆ ಆನ್ ಆದದ್ದೇ ಕಾದ ಹೆಂಚಾಯಿತು. ಮಗುವನ್ನು ಮಲಗಿಸುವ ಮುನ್ನ ನರ್ಸ್ ಕೈಯಿಟ್ಟು ನೋಡಿದ್ದಕ್ಕೆ ಅನಾಹುತ ತಪ್ಪಿತು.

ಸುದ್ದಿ ಕಾರ್ಖಾನೆಗೆ ಬಂತು. ಜೊತೆಯವರು ಸೆನ್ಸರ್ ಮೇಲೆ ಗೂಬೆ ಕೂರಿಸಿದರು. ಅಕ್ಕನಿಗೆ ಸಮಾಧಾನವಾಗಲಿಲ್ಲ, ರಾತ್ರಿಯಿಡೀ ಆರಿದ್ದ ಯಂತ್ರವನ್ನೇ ನೋಡಬೇಕೆಂದು ಯಾರೂ ಬರುವ ಮುನ್ನ ಬರತೊಡಗಿದರು. ಒಂದು ಮುಂಜಾನೆ ಸ್ವಿಚ್ ಒತ್ತಿದ್ದೇ ಹೀಟರ್ ತಾನಾಗಿಯೇ ಉರಿಯಿತು. ಅದನ್ನು ಉರಿಸಬೇಕೋ ಬೇಡವೋ ಎಂದು ಹೇಳುವ ವೇರಿಯೇಬಲ್‌ನಲ್ಲಿ ಸೊನ್ನೆಯ ಬದಲು ಕಸ ಕೂತಿತ್ತು. ಅಂದೇ ಸಾಲುಗಳು ಮರಳಿದವು. ಮಾರಿದ ತೊಟ್ಟಿಲುಗಳೆಲ್ಲ ವಾಪಸು ಬಂದು, ಸರಿಯಾಗಿ ಹೋದವು.

ಏನಾದರೂ ಆಸೆ ಉಳಿದಿದೆಯೇ ಎಂದರೆ ಅಕ್ಕ ಕಿಟಕಿ ಪಕ್ಕದ ತೊಟ್ಟಿಲಿನ ಸ್ವಿಚ್ ಆರಿಸುತ್ತಾರೆ.

“ಆ ತಪ್ಪು ಹಿಡಿದದ್ದನ್ನ ಮೇಷ್ಟ್ರಿಗೆ ಹೇಳೋಕಾಗಿದ್ರೆ ಚೆನ್ನಾಗಿತ್ತು. ಹೊಗಳ್ತಿರಲಿಲ್ಲ, ಬಿಡಿ. ಕನ್ನಡಕ ಮೇಲೆತ್ತಿ ‘ಹ್ಞೂಂ’ ಅಂತಿದ್ರು. ಆ ‘ಹ್ಞೂಂ’ ಒಂದ್ಸಲ ಕೇಳಿದ್ರೆ ಸಾಕಿತ್ತು.”