ಊರಿಗೆ ಹೋದವರ ಲೆಕ್ಕ

ಬೆಳಗಿನ ಐದೂವರೆ. ಶಿವಗಂಗಾ ಅಂಗೈಯಗಲದ ಕನ್ನಡಿಗೆ ಉಸಿರು ಬಿಟ್ಟು, ಸೆರಗಿನ ತುದಿಯಿಂದ ಒರೆಸುತ್ತಾರೆ. ಎದುರಿನ ಕಲ್ಲಿನ ಮೇಲೆ ಗೋಡೆ ಕಟ್ಟುವ ಗೌಂಡಿ ಹಂಪಯ್ಯ ಬರಿಗಾಲಲ್ಲಿ ಕೂತಿದ್ದಾರೆ. ಹಂಪಯ್ಯನವರ ಮೊಣಕಾಲು ಮಡಚುವುದಿಲ್ಲ. ಹಾಗಾಗಿ ಅವರು ಕನ್ನಡಿಯನ್ನು ನೆಲಕ್ಕಿಟ್ಟು, ಅದರ ಮೇಲೆ ಅಂಗಾಲು ಎತ್ತಿ ಹಿಡಿದು, ಬೆರಳ ಸಂದಿಗಳನ್ನು ಒಂದೊಂದಾಗಿ ಬಿಡಿಸಿ ನೋಡುತ್ತಾರೆ.

"ಕನ್ನಡಿಯಾಗ ನನ್ನ ಮಾರಿನೂ ಇಷ್ಟು ದಿಟ್ಟಿಸಿ ನೋಡಿಲ್ಲ ತಂಗಿ" ಎನ್ನುತ್ತಾರೆ ಕೊನೆಗೆ.

"ಮಾರಿ ಕೆಟ್ರ ಯಾರೂ ಕೊಯ್ಯಂಗಿಲ್ರಿ ಅಣ್ಣ. ಕಾಲು ನೋಡ್ರಿ" ಎನ್ನುತ್ತಾರೆ ಶಿವಗಂಗಾ.

ಗಡಿಯಾಚೆಯ ಮಹಾನಗರದ ಮಿಯಾಪುರದಲ್ಲಿ ಏಳುತ್ತಿರುವ ಹತ್ತಂತಸ್ತಿನ ಮನೆಗಳ ಹಿಂದೆ ತಗಡಿನ ಶೆಡ್ಡುಗಳ ಸಾಲಿದೆ. ಸುರಪುರ, ಶಹಾಪುರ, ಮಾನ್ವಿ ಕಡೆಯಿಂದ ಬಂದವರು ಇಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಸಕ್ಕರೆ ಕಾಯಿಲೆ. ಪಾದ ಮರಗಟ್ಟಿರುತ್ತದೆ. ಸಿಮೆಂಟು ಚರ್ಮ ತಿಂದರೂ ಮೊಳೆ ಚುಚ್ಚಿದರೂ ತಿಳಿಯುವುದಿಲ್ಲ. ತಮ್ಮ ಕಾಯಿಲೆಯನ್ನು ತಾವೇ ನೋಡಿಕೊಳ್ಳುವುದನ್ನು ಇವರಿಗೆ ಕಲಿಸುವುದು ಶಿವಗಂಗಾ ಅವರ ಕೆಲಸ. ಕಾಲು ನೋಡಿಕೊಳ್ಳುವುದು, ಉಪವಾಸದ ದಿನ ಗುಳಿಗೆ ಹೇಗೆ ತೆಗೆದುಕೊಳ್ಳಬೇಕೆಂದು ಡಾಕ್ಟರನ್ನು ಕೇಳಿ ತಿಳಿಯುವುದು, ಬೆರಳು ಚುಚ್ಚಿ ರಕ್ತ ಪರೀಕ್ಷಿಸಿಕೊಳ್ಳುವುದು.

"ಡಾಕ್ಟರ್ ತಿಂಗಳಿಗೊಮ್ಮೆ ಬರ್ತಾರ. ಕಾಲು ದಿನಾ ಇರ್ತಾವ" ಎನ್ನುತ್ತಾರೆ.

ಅವರಿಗೆ ನಲವತ್ತನಾಲ್ಕು. ಓದಿದ್ದು ನಾಲ್ಕನೇ ಇಯತ್ತೆ. ಹದಿನಾರು ವರ್ಷ ಇದೇ ಊರಿನಲ್ಲಿ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತರು. ಒಂದು ಮಧ್ಯಾಹ್ನ ಎರಡನೇ ಅಂತಸ್ತಿನ ಏಣಿಯಲ್ಲಿ ತಲೆ ತಿರುಗಿ ಬಿದ್ದ ಮೇಲೆ ಅವರಿಗೂ ಸಕ್ಕರೆ ಇರುವುದು ತಿಳಿಯಿತು. ಬಲಗಾಲಿನ ಕಿರುಬೆರಳು ಅಷ್ಟರಲ್ಲಿ ಕೊಳೆತು ಹೋಗಿತ್ತು. ಎರಡು ವರ್ಷದ ಹಿಂದೆ ಸಾಫ್ಟ್‌ವೇರ್ ಕಂಪನಿಯೊಂದು ದಾನ ಕೊಟ್ಟು ಈ ಕಾರ್ಯಕ್ರಮ ಶುರುವಾದಾಗ ಮೊದಲು ರೋಗಿಯಾಗಿ ಬಂದರು. ಹೆಸರು ಬರೆಯಲು ಬರುತ್ತದೆಂದು ಕೆಲಸಕ್ಕೆ ಸೇರಿಸಿಕೊಂಡರು. ಈಗ ನಾಲ್ಕು ಶೆಡ್ಡುಸಾಲು, ಇನ್ನೂರ ಹನ್ನೆರಡು ಜನ, ದಿನಕ್ಕೆ ಐವತ್ತು ಜೋಡಿ ಕಾಲು. ಈ ಕೆಲಸ ಹೋದರೆ ಮತ್ತೆ ಬಾಂಡ್ಲಿಯೇ ಗತಿ.

ಹೋಗುವ ಸಾಧ್ಯತೆ ಇದೆ. ಈ ಕಾರ್ಯಕ್ರಮದಿಂದ ಆಸ್ಪತ್ರೆಯ ಖರ್ಚು ಎಷ್ಟು ಉಳಿಯಿತೆಂದು ಕಂಪನಿ ಕೇಳಿದೆ. ಲೆಕ್ಕ ಮಾಡುವವರು ಮೈಸೂರಿನ ಹುಡುಗಿ ಚಿತ್ರಾ. ವಿಧಾನ ಸರಳ. ಕಾರ್ಯಕ್ರಮಕ್ಕೆ ಮುಂಚಿನ ವರ್ಷ ಮೂವತ್ತನಾಲ್ಕು ಸಲ ಜನ ಆಸ್ಪತ್ರೆ ಸೇರಿದ್ದರು. ಈ ವರ್ಷ ಹದಿನೈದು. ಹತ್ತೊಂಬತ್ತು ಕಡಿಮೆ. ಹದಿನಾರು ಕಡಿಮೆಯಾದರೂ ಸಾಕು, ಹಾಕಿದ ಹಣ ಹುಟ್ಟಿದಂತೆ. ಚಿತ್ರಾ ಸಿಹಿ ತರಿಸಿದರು. ಶಿವಗಂಗಾ ಸಿಹಿಯನ್ನು ಪಕ್ಕಕ್ಕಿಟ್ಟು ಹಾಳೆ ನೋಡಿದರು.

ಎಲ್ಲರಿಗಿಂತ ಹೆಚ್ಚು ಉಳಿಸಿದವರು ಮೌನಪ್ಪ ಎಂದಿತ್ತು. ಮೊದಲು ಮೂರು ಸಲ ಆಸ್ಪತ್ರೆ, ಈ ವರ್ಷ ಸೊನ್ನೆ. ಆದರೆ ಮೌನಪ್ಪ ಇಲ್ಲಿ ಇರಲೇ ಇಲ್ಲ. ಶಿವಗಂಗಾ ತಮ್ಮ ವಹಿಯಲ್ಲಿ ಅವರ ಹೆಸರಿನ ಮುಂದೆ 'ಊರಿಗೆ ಹೋದರು' ಎಂದು ಬರೆದಿದ್ದರು. ಕಂಪ್ಯೂಟರಿನ ಖಾನೆಗೆ ಅಂಕಿ ಮಾತ್ರ ಹಿಡಿಸುತ್ತದೆ. ತುಂಬಿದವರು ಸೊನ್ನೆ ಹಾಕಿದ್ದರು. ಅಂಥ ಸೊನ್ನೆಗಳು ಮೂವತ್ತೆಂಟಿದ್ದವು.

ಅವತ್ತು ಸಂಜೆ ಶಿವಗಂಗಾ ಕಿರಾಣಿ ಅಂಗಡಿಯ ಒಂದು ರೂಪಾಯಿ ಡಬ್ಬಿ ಫೋನಿನ ಮುಂದೆ ನಿಂತರು. ಮೊದಲ ಕರೆ ಮೌನಪ್ಪನವರ ಹೆಂಡತಿ ಸುಗಲಮ್ಮನಿಗೆ.

"ಅಕ್ಕ, ಮೌನಪ್ಪಣ್ಣ ಹೆಂಗದಾನ? ಕಾಲು ನೋಡ್ಕೋತಾನಿಲ್ಲ?"

"ಎಲ್ಲಿ ಕಾಲವ್ವ? ದೀಪಾವಳಿ ಮುಂದ ರಾಯಚೂರು ದವಾಖಾನಿಗೆ ಒಯ್ದಿದ್ವಿ. ಮೂರನೇ ದಿನಕ್ಕ ಹೋದ. ನಿಮಗ್ಯಾರೂ ಹೇಳಲಿಲ್ಲೇನು?"

ನಾಣ್ಯ ಮುಗಿದು ಫೋನು ಕಟ್ಟಾಯಿತು. ಶಿವಗಂಗಾ ಅಂಗಡಿಯವನ ಹತ್ತಿರ ಮತ್ತೆ ಚಿಲ್ಲರೆ ಕೇಳಿದರು. ಮೂವತ್ತೆಂಟು ಮನೆ ಮುಗಿಯಲು ಹನ್ನೊಂದು ಸಂಜೆ ಬೇಕಾಯಿತು. ಏಳು ಮಂದಿ ರಾಯಚೂರು, ಗುಲಬರ್ಗಾ ಆಸ್ಪತ್ರೆ ಸೇರಿದ್ದರು. ಆ ಏಳರಲ್ಲಿ ಮೌನಪ್ಪ ಸೇರಿ ಇಬ್ಬರು ತಿರುಗಿ ಮನೆಗೆ ಬರಲಿಲ್ಲ.

ಚಿತ್ರಾ ಹಾಳೆ ತಿದ್ದುವ ಮೊದಲು ಒಂದು ಸಲ ಹೇಳಿ ನೋಡಿದರು. "ಅಕ್ಕ, ಏಳು ಕಳೆದ್ರೆ ಹನ್ನೆರಡೇ ಉಳಿಯೋದು. ಕಾರ್ಯಕ್ರಮಾನೇ ನಿಲ್ಲಿಸಬಹುದು. ನಿಮ್ಮ ಕೆಲಸ ಕೂಡ ಹೋಗುತ್ತೆ."

"ಗೊತ್ತೈತ್ರಿ ಮೇಡಂ. ಆದ್ರ ಸತ್ತಾತನ್ನ ಉಳಿತಾಯಕ್ಕ ಹಚ್ಚಬ್ಯಾಡ್ರಿ." ವಹಿಯನ್ನು ಮುಂದೆ ತಳ್ಳಿ ಸೇರಿಸಿದರು: "ಹನ್ನೆರಡು ಖರೇವು ಅದಾವಲ್ರಿ. ಅವರ ಕಾಲು ನಾ ನೋಡೀನಿ."

ಕಳೆದ ಶುಕ್ರವಾರ ಮಾದಾಪುರದಲ್ಲಿರುವ ಕಂಪನಿಯ ಗಾಜಿನ ಕೋಣೆಯಲ್ಲಿ ಸಭೆ. ಮುಂದಿನ ವರ್ಷ ಹಣ ಕೊಡಬೇಕೋ ಬೇಡವೋ ಎಂಬ ನಿರ್ಧಾರ ತಿಂಗಳ ಕೊನೆಗೆ. ತಣ್ಣನೆಯ ನೆಲದ ಮೇಲೆ ಶಿವಗಂಗಾ ಚಪ್ಪಲಿ ಬಿಡದೆ ನಿಂತಿದ್ದಾರೆ. ಬರಿಗಾಲಲ್ಲಿ ನಡೆಯಬೇಡಿ ಎಂದು ಎಲ್ಲರಿಗೂ ಹೇಳುವವರು ಅವರೇ. ಕಂಪನಿಯ ಕಡೆಯಿಂದ ದಾನದ ಉಸ್ತುವಾರಿ ನೋಡುವ ರಾಮದಾಸ ಬೀದರಿನವರು. ಹಾಳೆಯನ್ನು ಎರಡು ಸಲ ನೋಡಿ ತಲೆ ಎತ್ತುತ್ತಾರೆ.

"ಊರಿಗೆ ಹೋದವ್ರಿಗೆ ಫೋನ್ ಮಾಡಂತ ಯಾರ್ ಹೇಳಿದ್ರಮ್ಮ ನಿಮಗ?"

"ಯಾರೂ ಹೇಳಿಲ್ರಿ ಸರ."

ರಾಮದಾಸ ಹಾಳೆಯನ್ನು ಮಗುಚಿಡುತ್ತಾರೆ. ಚಿತ್ರಾ ತಮ್ಮ ಪೆನ್ನನ್ನೇ ನೋಡುತ್ತಿದ್ದಾರೆ. ಹೋಗಬಹುದು ಎಂಬಂತೆ ಯಾರೋ ಬಾಗಿಲು ತೆರೆದು ಹಿಡಿಯುತ್ತಾರೆ. ಶಿವಗಂಗಾ ಬಾಗಿಲವರೆಗೆ ಹೋಗಿ ತಿರುಗಿ ನಿಲ್ಲುತ್ತಾರೆ.

"ಸರ, ನಾ ಇರ್ಲಿ, ಬಿಡ್ಲಿ. ಆ ಫಾರಂನ್ಯಾಗ ಇನ್ನೊಂದು ಖಾನೆ ಹಾಕ್ರಿ. ಊರಿಗೆ ಹೋದವ್ರು ಹೆಂಗದಾರ ಅಂತ ಕೇಳಿ ಬರಿಯಾಕ."

ಚಿತ್ರಾ ಪೆನ್ನಿನ ಮುಚ್ಚಳ ತೆಗೆಯುತ್ತಾರೆ.