ಒದ್ದೆ ಅರಿವೆಯೊಳಗಿನ ಎರಡು ರೊಟ್ಟಿ

ಮಂಗಳವಾರ, ಬೆಳಗಿನ ಏಳು ಗಂಟೆ ಹತ್ತು ನಿಮಿಷ. ಬಾಗಲಕೋಟೆ ನವನಗರದ ನಮ್ಮ ಅಡಿಗೆಮನೆಯಲ್ಲಿ ಇದ್ದವರು ಇಬ್ಬರೇ: ನಾನು, ಮತ್ತು ರೊಟ್ಟಿ ಬಡಿಯಲು ಬರುವ ಶಾಂತವ್ವ. ಹನ್ನೊಂದು ವರ್ಷಗಳಿಂದ ಅವಳು ಆರೂವರೆಗೇ ಬರುತ್ತಾಳೆ, ಅಷ್ಟರೊಳಗೆ ನಾನು ಹಿಟ್ಟಿನ ಡಬ್ಬಿ ತೆಗೆದಿಟ್ಟಿರುತ್ತೇನೆ. ದವಾಖಾನೆಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನರ್ಸಾಗಿ ದುಡಿದ ನನಗೆ ಹೊತ್ತು ತಪ್ಪಿದರೆ ಊಟ ಸೇರುವುದಿಲ್ಲ. ಈಚೆಗೆ ನನ್ನ ಹಲ್ಲು ಸಡಿಲಾಗಿವೆ. ಆ ದಿನ ಶಾಂತವ್ವ ತಾನೇ ಯೋಚಿಸಿ ನನ್ನ ಪಾಲಿನ ಎರಡು ರೊಟ್ಟಿಗಳನ್ನು ಒದ್ದೆ ಅರಿವೆಯಲ್ಲಿ ಸುತ್ತಿಟ್ಟಿದ್ದಳು. ಗಂಟು ಬಿಚ್ಚಿದೆ. ಬಿಸಿ ಜೋಳ, ನೆಂದ ನೂಲು, ಅದರಡಿಯಲ್ಲಿ ನದಿಯ ದಂಡೆಯ ಕೆಸರಿನಂಥ ಒಂದು ತಣ್ಣನೆಯ ವಾಸನೆ ಒಟ್ಟಿಗೆ ಮುಖಕ್ಕೆ ಬಂದವು. ಶಾಂತವ್ವ ಹಂಚಿನ ಮೇಲೆ ಕಣ್ಣಿಟ್ಟೇ ಮಾತಾಡುತ್ತಿದ್ದಳು.

"ಬಾಯಾರ, ಹಳೇ ಊರಾಗ ನೀರು ಸರದೈತ್ರಿ. ನಿಮ್ಮ ಆಯಿ ಖಾನಾವಳಿ ಕಟ್ಟಿ ಕಾಣಾಕತ್ತೈತಂತ. ನಮ್ಮ ಮನಿಯವರು ನೋಡಿ ಬಂದಾರ. ಮತ್ತ ನಮ್ಮದೂ ಗ್ವಾಡಿ ಎದ್ದಾವ್ರಿ. ಶನಿವಾರ ಸ್ಲ್ಯಾಬ್ ಹಾಕ್ತೇವಿ, ನೀವು ಬರಬೇಕು."

ಬರುತ್ತೇನೆ ಎಂದೆ. ಬಾಯಿಗೆ ಬಂದ ಇನ್ನೊಂದು ಮಾತನ್ನು ನುಂಗಿಕೊಂಡೆ. ಭಾನುವಾರ ನನ್ನ ತಂಗಿಯ ಮಗ ತನ್ನ ಗೆಳೆಯನೊಬ್ಬನನ್ನು ಊಟಕ್ಕೆ ಕರೆತಂದಿದ್ದ. ಆ ಗೆಳೆಯ ಅಳತೆಯ ಕೆಲಸದವನು. ಅಣೆಕಟ್ಟಿನ ಹಿನ್ನೀರನ್ನು ಇನ್ನೂ ಏರಿಸಿದರೆ ಯಾವ ಯಾವ ಓಣಿ ಮುಳುಗಡೆಯ ಗೆರೆಯೊಳಗೆ ಬರುತ್ತವೆ ಎಂದು ಹೇಳುತ್ತ, ಹಳೆ ಊರಿನ ಅಂಚಿನಲ್ಲಿರುವ ಶಾಂತವ್ವನ ಓಣಿಯ ಹೆಸರನ್ನೂ ಹೇಳಿದ್ದ. ನಾನು ಅವನಿಗೆ ಮಜ್ಜಿಗೆ ಬಡಿಸಿ ಸುಮ್ಮನಾದೆ. ಸೋಮವಾರ ಶಾಂತವ್ವ ಬಂದಾಗಲೂ ಸುಮ್ಮನಿದ್ದೆ. ಯಾಕೆ ಸುಮ್ಮನಿದ್ದೆ ಎಂಬುದನ್ನು ಹೇಳಬೇಕಾದರೆ ಅರವತ್ತು ವರ್ಷ ಹಿಂದಕ್ಕೆ, ಈಗ ಕೆಸರಿನಿಂದ ಮೇಲೆದ್ದು ಕುಳಿತಿದೆಯೆನ್ನುವ ಆ ಕಟ್ಟೆಯ ಹತ್ತಿರಕ್ಕೆ ಹೋಗಬೇಕು.

ಆಯಿ ಎಂದರೆ ನನ್ನ ತಾಯಿಯ ತಾಯಿ, ನೀಲವ್ವ. ಅವ್ವ, ಅಪ್ಪ ಹುನಗುಂದದಲ್ಲಿ ಒಕ್ಕಲುತನ ಮಾಡಿಕೊಂಡಿದ್ದರು. ನಾನು ಸಾಲಿ ಕಲಿಯಲು ಆಯಿಯ ಬಳಿ ಇದ್ದೆ. ಖಾನಾವಳಿ ಇದ್ದದ್ದು ಘಟಪ್ರಭೆಯ ಕಡೆಗೆ ಇಳಿಯುವ ಓಣಿಯಲ್ಲಿ. ಬೀದಿಗೆ ಕಲ್ಲಿನ ಕಟ್ಟೆ, ಒಳಗೆ ಉದ್ದನೆಯ ಪಡಸಾಲೆ, ಅದರ ಹಿಂದೆ ಹೊಗೆ ಹಿಡಿದು ಕಪ್ಪಾದ ಅಡಿಗೆಮನೆ, ಎರಡರ ನಡುವೆ ನಾನು ಕಾಲೆತ್ತಿ ದಾಟಬೇಕಾದಷ್ಟು ಎತ್ತರದ ಹೊಸ್ತಿಲು. ಪಡಸಾಲೆಯ ಒಂದು ಗೋಡೆಯಲ್ಲಿ, ನನ್ನ ತಲೆಗಿಂತ ಒಂದು ಗೇಣು ಮೇಲೆ, ದೀಪದ ಮಾಡ, ಅಂದರೆ ಹಣತೆ ಇಡುವ ಗೂಡು. ಇನ್ನೊಂದು ಗೋಡೆಯ ತುಂಬ ಮೊಳೆಗಳು. ದಿನವೂ ಉಣ್ಣುವವರ ತಾಟುಗಳನ್ನು ಅಲ್ಲಿ ತೂಗುಹಾಕುತ್ತಿದ್ದೆವು. ವರ್ಗವಾಗಿ ಹೋದವರ ತಾಟನ್ನು ಆಯಿ ಗೋಡೆಗೆ ಮುಖ ಮಾಡಿ ತೂಗುಹಾಕುತ್ತಿದ್ದಳು. ಹನ್ನೆರಡೂವರೆಗೆ ಮೊದಲ ಸಾಲು ಕೂಡುತ್ತಿತ್ತು. ಅಷ್ಟು ಹೊತ್ತಿಗೆ ಬುಟ್ಟಿಯಲ್ಲಿ ರೊಟ್ಟಿ ಎದೆಯೆತ್ತರ ಏರಿರಬೇಕು, ಶೇಂಗಾ ಹಿಂಡಿ ಕುಟ್ಟುವ ಸದ್ದು ನಿಂತಿರಬೇಕು, ಇಲಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದ ಆಯಿ ಒಲೆಯ ಮುಂದೆ ಎದ್ದು ನಿಂತಿರಬೇಕು. ನನ್ನ ಕೆಲಸ ನೀರು ಕೊಡುವುದು.

ಆಯಿ ಯಾರ ಹೆಸರನ್ನೂ ಕೇಳುತ್ತಿರಲಿಲ್ಲ. "ಹಸದು ಬಂದಾರ. ಹೆಸರು ತಗೊಂಡು ನಾ ಏನ ಮಾಡ್ಲಿ?" ಎನ್ನುತ್ತಿದ್ದಳು. ಉಣ್ಣುವ ರೀತಿಯೇ ಅವರ ಹೆಸರು: ಎರಡು ಉಳ್ಳಾಗಡ್ಡಿಯವರು, ಮಜ್ಜಿಗಿ ಮಾಸ್ತರ, ಖಾರ ಬ್ಯಾಡದವರು. ಇದಕ್ಕಿಂತ ಗಟ್ಟಿಯಾದ ನೇಮ ಇನ್ನೊಂದಿತ್ತು. ಪಡಸಾಲೆಯಲ್ಲಿ ಉಣ್ಣುವವರ ಮಾತು ಹೊಸ್ತಿಲು ದಾಟಿ ಅಡಿಗೆಮನೆಗೆ ಬರಕೂಡದು. ಹಿಂದೊಮ್ಮೆ ಊಟಕ್ಕೆ ಕೂತವರು ಆಡಿಕೊಂಡ ಮಾತು ಒಳಗೆ ಬಂದು, ಅಲ್ಲಿಂದ ಓಣಿಗೆ ಹರಡಿ, ಯಾರದೋ ಮನೆಯ ನಿಶ್ಚಿತಾರ್ಥ ಮುರಿದಿತ್ತಂತೆ. ಅಂದಿನಿಂದ ಆಯಿ ಗೆರೆ ಎಳೆದಳು. ನಾನು ಒಮ್ಮೆ ಆ ಗೆರೆ ದಾಟಿದೆ. ನಮ್ಮ ಓಣಿಯವನೇ ಆದ, ಗೋಡೆ ಕಟ್ಟುವ ಗೌಂಡಿ ಹುಸೇನಸಾಬ ಕಾಕಾ ಬೇಳೆ ತೆಳ್ಳಗಾಗಿದೆ ಎಂದದ್ದನ್ನು ಓಡಿಹೋಗಿ ಆಯಿಗೆ ಹೇಳಿದೆ. ಎರಡೂ ಸಾಲು ಏಳುವತನಕ ಗೋಡೆಗೆ ಮುಖ ಮಾಡಿ ಕೂಡುವ ಶಿಕ್ಷೆಯಾಯಿತು. ಕಾಕಾಗೆ ಕನಿಕರ ಬಂತು.

"ನೀಲವ್ವಾರ, ಬ್ಯಾಳಿ ತೆಳ್ಳಗ ಅಂದಾಂವ ನಾ. ನನ್ನ ಕುಂದರಸ್ರಿ ಗ್ವಾಡಿಗೆ ಮಾರಿ ಮಾಡಿ."

"ದಿನಾ ಗ್ವಾಡಿ ನೋಡಾಂವಗ ಅದೆಂಥ ಶಿಕ್ಷಾ ಆಕ್ಕತಿ? ಸುಮ್ನ ಉಣ್ಣು ಲೇ."

ಪಡಸಾಲೆಯೆಲ್ಲ ನಕ್ಕಿತು. ನಾನೊಬ್ಬಳು ನಗಲಿಲ್ಲ. ಗೋಡೆಯ ಸುಣ್ಣದ ವಾಸನೆ ಮೂಗಿಗೆ ಅಂಟಿತ್ತು. ಇನ್ನು ಮುಂದೆ ಈ ತಪ್ಪು ಮಾಡುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಆ ಬೇಸಿಗೆಯಲ್ಲಿ ನದಿಯ ದಂಡೆಗುಂಟ ಚಿಕ್ಕ ಚಿಕ್ಕ ಕಲ್ಲುಗಳು ಎದ್ದವು. ಅವುಗಳ ಮೇಲೆ ಕೆಂಪು ಬಣ್ಣದಲ್ಲಿ ಅಂಕಿ. ರಸ್ತೆ ಬರುತ್ತದೆ ಎಂದು ಒಬ್ಬರು, ರೈಲು ಬರುತ್ತದೆ ಎಂದು ಇನ್ನೊಬ್ಬರು ಹೇಳುತ್ತಿದ್ದರು. ನಾವು ಹುಡುಗರು ಅವುಗಳ ಮೇಲೆ ಕೂತು ಬಾರಿಹಣ್ಣು ತಿನ್ನುತ್ತಿದ್ದೆವು. ಕಲ್ಲುಗಳ ಹಿಂದೆಯೇ ಅಳತೆಯ ಕೆಲಸದ ಸಾಹೇಬರೊಬ್ಬರು ನಮ್ಮಲ್ಲಿ ಉಣ್ಣಲು ಬಂದರು. ಮೈಸೂರ ಕಡೆಯ ಮಾತು, ಎರೆಮಣ್ಣು ಮೆತ್ತಿದ ಬೂಟು, ಎಣ್ಣೆ ಕಾಣದ ಕೂದಲು. ಕಡಕ್ ರೊಟ್ಟಿ ಅವರ ಬಾಯಿಗೆ ಒಗ್ಗಲಿಲ್ಲ. ಮೊದಲ ದಿನ ಅವರು ತುತ್ತನ್ನು ಎಡದಿಂದ ಬಲಕ್ಕೆ ಹೊರಳಿಸುತ್ತ ಒದ್ದಾಡಿದ್ದನ್ನು ಆಯಿ ಹೊಸ್ತಿಲಿನಿಂದ ನೋಡಿದಳು. ಮರುದಿನದಿಂದ ಅವರಿಗಾಗಿ ಎರಡು ರೊಟ್ಟಿ ಒದ್ದೆ ಅರಿವೆಯಲ್ಲಿ ಬೇರೆಯೇ ಇರುತ್ತಿದ್ದವು. ಗಂಟು ಬಿಚ್ಚಿದಾಗ ಬರುವ ಹಬೆಗೆ ಅವರು ಒಂದು ಗಳಿಗೆ ಕಣ್ಣು ಮುಚ್ಚುತ್ತಿದ್ದರು. ಹೀಗೆ ಅವರು ಮೆತ್ತನ್ನ ರೊಟ್ಟಿ ಸಾಹೇಬರಾದರು.

ಅವರು ಊಟದ ನಡುವೆ ಗೋಡೆಗಳನ್ನು ನೋಡುತ್ತಿದ್ದರು. ಮುಂದೆ ವಾರ್ಡಿನಲ್ಲಿ ಆ ನೋಟವನ್ನು ಬೇಕಾದಷ್ಟು ಸಲ ಕಂಡೆ. ಮನೆಯವರು ಎದುರಿಗೆ ನಿಂತಿರುವಾಗ ಡಾಕ್ಟರು ಬಾಯಿ ಬಿಡದೆ ಹಾಸಿಗೆಯ ಕಡೆ ನೋಡುವ ನೋಟ ಅದು. ಒಂದು ದಿನ ಅವರು ಎದ್ದು ನಿಂತು, ನಾನು ಕೊಟ್ಟ ನೀರಿನ ಗಾಜಿನ ಲೋಟವನ್ನು ಕುಡಿಯದೆ ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದರು. ಮಟ್ಟ ನೋಡುವವರಂತೆ ನೀರಿನ ಅಂಚಿನ ಮೇಲಿಂದ ದೀಪದ ಮಾಡವನ್ನು ದಿಟ್ಟಿಸಿದರು. ಆಯಿ ಗಾಬರಿಯಾಗಿ ಹೊರಗೆ ಬಂದಳು.

"ನೀರಾಗ ಏನರ ಬಿದ್ದೈತೇನ್ರಿ?"

"ಇಲ್ಲಮ್ಮ. ನೀರು ಚೆನ್ನಾಗಿದೆ," ಎಂದು ಲೋಟ ಕೆಳಗಿಟ್ಟರು. ಕುಡಿಯಲಿಲ್ಲ.

ಅದೇ ಹೊತ್ತಿಗೆ ಬಾದಾಮಿಯಿಂದ ಆಯಿಯ ತಮ್ಮ ಬಂದಿದ್ದ. ಅಲ್ಲಿಯ ಬಸ್ ಸ್ಟ್ಯಾಂಡ್ ಎದುರಿಗೆ ಒಂದು ಜಾಗ ಸಿಕ್ಕಿತ್ತು. ಮಹಾಕೂಟಕ್ಕೆ ಹೋಗುವ ಮಂದಿಯೆಲ್ಲ ಅಲ್ಲೇ ಇಳಿಯುತ್ತಾರೆ, ಬಂದುಬಿಡು ಎಂದು ಎರಡು ದಿನ ಪಡಸಾಲೆಯಲ್ಲೇ, ಉಣ್ಣುವವರ ಎದುರಿಗೇ ಕೂತು ಬೇಡಿಕೊಂಡ. ಆಯಿಯ ಕೈಯಲ್ಲಿ ಇದ್ದದ್ದು ಎರಡು ಬಂಗಾರದ ಪಾಟಲಿ ಬಳೆ. ಅವುಗಳಿಂದ ಒಂದೇ ಕೆಲಸ ಆಗುತ್ತಿತ್ತು: ಬಾದಾಮಿಯ ಜಾಗ, ಇಲ್ಲವೇ ಇಲ್ಲಿ ಹಿತ್ತಲಿಗೆ ಹತ್ತಿಸಿ ಇನ್ನೊಂದು ಪಡಸಾಲೆ. "ನನ್ನ ಮಂದಿ ಇಲ್ಲಿ ಉಣ್ಣಾಕತ್ತಾರ. ಅವರ ತಾಟು ಬಿಟ್ಟು ನಾ ಎಲ್ಲಿಗೆ ಬರ್ಲಿ?" ಎಂದು ತಮ್ಮನನ್ನು ಕಳಿಸಿಬಿಟ್ಟಳು. ಹುಸೇನಸಾಬ ಕಾಕಾ ಹಿತ್ತಲಲ್ಲಿ ಹಗ್ಗ ಹಿಡಿದು, ಸುಣ್ಣ ಚೆಲ್ಲಿ ಪಾಯದ ಗೆರೆ ಹಾಕಿದ. ಅಂದು ಉಣ್ಣಲು ಬಂದ ಸಾಹೇಬರು ಹಿಂಬಾಗಿಲಿನಿಂದ ಆ ಬಿಳಿ ಗೆರೆಯನ್ನು ನೋಡಿದರು. ತಾಟಿನ ಮುಂದೆ ಕೂತವರು ಆಯಿಯನ್ನು ಕರೆದರು.

"ಅಮ್ಮ, ಒಂದು ಮಾತು ಹೇಳಬೇಕಿತ್ತು."

"ಮೊದ್ಲ ಉಣ್ರಿ ಸಾಹೇಬ್ರ. ಮಾತಾಡಾಕ ಚಾದಂಗಡಿ ಅದಾವು," ಎಂದು ಆಯಿ ನಕ್ಕು ಒಳಗೆ ಹೋದಳು.

ಮೂರು ದಿನ ಅವರು ಮಾತು ತೆಗೆಯಲು ನೋಡಿದರು. ಮೂರು ದಿನವೂ ಆಯಿ ಹಾಗೆಯೇ ತಡೆದಳು. ನಾಲ್ಕನೆಯ ದಿನ ಶುಕ್ರವಾರ. ಸಾಲಿನಲ್ಲಿ ಎಲ್ಲರೂ ಎದ್ದುಹೋಗಿ ಅವರೊಬ್ಬರೇ ಉಳಿದಿದ್ದರು. ಅರಿವೆಯೊಳಗಿನ ರೊಟ್ಟಿಗಳಲ್ಲಿ ಒಂದು ಹಾಗೆಯೇ ಇತ್ತು. ಆಯಿ ಆಗತಾನೆ ಹಿತ್ತಲಿನಿಂದ ಒಳಗೆ ಬಂದು ಒಲೆಯ ಮುಂದೆ ಬಗ್ಗಿದ್ದಳು.

"ನಿನ್ನ ಹೆಸರೇನು ಮಗು?"

"ಗಿರಿಜಾ ರೀ."

"ಗಿರಿಜಾ, ನಿಮ್ಮಜ್ಜಿಗೆ ಒಂದು ಮಾತು ಹೇಳ್ತೀಯಾ? ಹೊಸ ಗೋಡೆ ಬೇಡ. ಬಾದಾಮಿಗೆ ಹೋಗಲಿ." ಅವರು ಎಡಗೈಯೆತ್ತಿ ದೀಪದ ಮಾಡವನ್ನು ತೋರಿಸಿದರು. "ಅಲ್ಲಿವರೆಗೆ ಬರುತ್ತೆ."

"ಏನ ಬರತೈತ್ರಿ?"

"ನೀರು. ಈಗಲೇ ಅಲ್ಲ. ಆದರೆ ಬರುತ್ತೆ. ನಾನು ಇದನ್ನ ಯಾರಿಗೂ ಹೇಳೋ ಹಾಗಿಲ್ಲ. ಏನು ಮಾಡಲಿ, ಆಕೆಯ ಕೈಯಿಂದ ಉಂಡಿದ್ದೀನಿ."

ನಾನು ಮಾಡವನ್ನು ನೋಡಿದೆ. ಅದರೊಳಗೆ ಹಣತೆಯ ಎಣ್ಣೆ ಜಿಡ್ಡುಗಟ್ಟಿತ್ತು. ನನ್ನ ತಲೆ ಅದಕ್ಕಿಂತ ಕೆಳಗಿತ್ತು. ತಾಟು ಎತ್ತಿಕೊಂಡು ಹೊಸ್ತಿಲಿನವರೆಗೆ ಬಂದೆ. ಅಲ್ಲಿ ನಿಂತೆ. ಒಂದು ಕಾಲು ಎತ್ತಿದ್ದೆನೆಂದು ಇವತ್ತಿಗೂ ನೆನಪಿದೆ. ಗೋಡೆಯ ಸುಣ್ಣದ ವಾಸನೆ ಮತ್ತೆ ಮೂಗಿಗೆ ಬಂತು.

"ಎಲ್ಲಾರೂ ಎದ್ದ್ರೇನ?" ಆಯಿ ಕೇಳಿದಳು.

"ಎದ್ದ್ರು ಆಯಿ."

"ಏನರ ಅಂದ್ರೇನ?"

"ಇಲ್ಲ."

ಆಯಿ ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಮುಟ್ಟಿದಳು. "ಶಾಣ್ಯಾಕಿ," ಎಂದಳು.

ಶನಿವಾರ ಸಾಹೇಬರು ಬರಲಿಲ್ಲ. ಎಂಟು ದಿನ ಆಯಿ ಎರಡು ರೊಟ್ಟಿ ಸುತ್ತಿಟ್ಟಳು, ಎಂಟು ದಿನವೂ ಸಂಜೆ ಅವನ್ನು ಎದುರುಮನೆಯ ಎಮ್ಮೆಗೆ ಹಾಕಿದೆವು. ಒಂಬತ್ತನೆಯ ದಿನ ಅವರ ತಾಟು ಗೋಡೆಗೆ ಮುಖ ಮಾಡಿತು. ಅದೇ ವಾರ ಪಾಟಲಿಗಳು ಕೈಯಿಂದ ಹೋದವು. ದಸರೆಯ ಹೊತ್ತಿಗೆ ಹೊಸ ಪಡಸಾಲೆ ಎದ್ದು ನಿಂತಿತು. ನುಣುಪು ಫರಸಿ, ಎತ್ತರದ ಕಿಟಕಿ. ಕಾಕಾ ತನ್ನ ಬದುಕಿನಲ್ಲೇ ಅಷ್ಟು ನೇರ ಗೋಡೆ ಕಟ್ಟಿರಲಿಲ್ಲ ಎನ್ನುತ್ತಿದ್ದ. ಎಲ್ಲರೂ ಹೊಗಳಿದರು. ನಾನು ಮಾತ್ರ ಅಲ್ಲಿ ನೀರು ಕೊಡುವಾಗಲೆಲ್ಲ ನೆಲವನ್ನೇ ನೋಡಿಕೊಂಡು ನಡೆಯುತ್ತಿದ್ದೆ, ಫರಸಿಯ ಸಂದಿಗಳಲ್ಲಿ ತೇವ ಏರಿದೆಯೋ ಎಂದು.

ನೀರು ಬರಲಿಲ್ಲ. ವರ್ಷಗಳು ಕಳೆದವು, ನಾನು ಮರೆತೆನೆಂದೇ ತಿಳಿದೆ. ನರ್ಸಾಗಿ ಕೆಲಸಕ್ಕೆ ಸೇರಿ ಎಷ್ಟೋ ಕಾಲದ ಮೇಲೆ, ಒಂದು ದಿನ ರಜೆಯಲ್ಲಿ ಮನೆಗೆ ಬಂದಾಗ, ಬಣ್ಣದ ಡಬ್ಬಿ ಹಿಡಿದ ಇಬ್ಬರು ಖಾನಾವಳಿಯ ಬಾಗಿಲ ಮೇಲೆ ಮುಳುಗಡೆಯ ಅಂಕಿ ಬರೆದು ಹೋದರು. ಅದೇ ಕೆಂಪು ಬಣ್ಣ. ಬೆನ್ನು ಬಾಗಿದ್ದ ಆಯಿ ಕಟ್ಟೆಯ ಮೇಲೆ ಕೂತು ಅದನ್ನು ಬಹಳ ಹೊತ್ತು ನೋಡಿದಳು.

"ಆ ಮೆತ್ತನ್ನ ರೊಟ್ಟಿ ಸಾಹೇಬ್ರು ಇದ್ದಿದ್ರ ನಮಗ ಮೊದ್ಲ ಹೇಳ್ತಿದ್ರು ನೋಡು ಗಿರ್ಜಿ. ಭಾಳ ಸಾಚಾ ಮನಷ್ಯಾ."

ಆಗಲೂ ನಾನು ಹೇಳಲಿಲ್ಲ. ಆಯಿ ಅವರನ್ನು ಹುಡುಕಿಕೊಂಡು ಕಚೇರಿಗೂ ಹೋಗಿಬಂದಳು. ಮುಳುಗಡೆಯ ಗೆರೆ ಎಲ್ಲಿ ಎಂದು ಅವರನ್ನೇ ಕೇಳಬೇಕೆಂಬ ಹಟ. ಹೆಸರೇನು ಎಂದು ಗುಮಾಸ್ತ ಕೇಳಿದ. ಹೆಸರು ಗೊತ್ತಿರಲಿಲ್ಲ. ಮೆತ್ತನ್ನ ರೊಟ್ಟಿ ತಿನ್ನುತ್ತಿದ್ದರು ಎಂದಳು. ಕಚೇರಿಯೆಲ್ಲ ನಕ್ಕಿತಂತೆ. ಕೊನೆಗೆ ಎತ್ತರದ ಜಾಗದ ಒಂದು ಬಾಡಿಗೆ ಕೋಣೆಯಲ್ಲಿ, ತೂಗುಹಾಕಲು ಮೊಳೆಗಳೇ ಇಲ್ಲದ ಗೋಡೆಯ ಕೆಳಗೆ ತಾಟುಗಳನ್ನು ಪೇರಿಸಿಟ್ಟುಕೊಂಡು ಆಯಿ ತೀರಿಕೊಂಡಳು. ನೀರು ಬಂದದ್ದನ್ನು ಅವಳು ನೋಡಲಿಲ್ಲ. ನಾನು ನೋಡಿದೆ. ತೊಲೆ, ಬಾಗಿಲು ಕಿತ್ತೊಯ್ದು ಚಾವಣಿ ಇಲ್ಲದಂತಾಗಿದ್ದ ಗೋಡೆಗಳ ನಡುವೆ ಅದು ಸದ್ದಿಲ್ಲದೆ ಏರಿ, ದೀಪದ ಮಾಡದ ಕೆಳಗಂಚಿಗೆ ಬಂದು ನಿಂತಿತು. ಒಂದು ಬೆರಳಿನಷ್ಟೂ ಅವರ ಅಳತೆ ತಪ್ಪಿರಲಿಲ್ಲ.

ಆ ಮಂಗಳವಾರ ಶಾಂತವ್ವ ಎಂಟಕ್ಕೆ ಹೋದಳು. ನಾನು ದಿನದ ಕೆಲಸಗಳನ್ನು ಕ್ರಮವಾಗಿ ಮುಗಿಸಿದೆ: ಪೂಜೆ, ಮಾತ್ರೆ, ಅರಿವೆ ಒಗೆಯುವುದು, ಮಧ್ಯಾಹ್ನದ ಊಟ. ಆ ಎರಡು ರೊಟ್ಟಿ ಮಾತ್ರ ಅರಿವೆಯಲ್ಲೇ ಉಳಿದವು. ನಾಲ್ಕೂವರೆಗೆ ತಂಗಿಯ ಮಗನಿಗೆ ಫೋನ್ ಮಾಡಿ ಕೇಳಬೇಕಾದ್ದನ್ನು ಕೇಳಿದೆ, ಒಂದು ಚೀಟಿಯಲ್ಲಿ ಬರೆದುಕೊಂಡೆ, ಆಟೋ ಹಿಡಿದೆ. ಶಾಂತವ್ವನ ಓಣಿಯಲ್ಲಿ ಹೊಸ ಗೋಡೆಗಳು ಬಾಗಿಲಿನ ಎತ್ತರ ದಾಟಿ ಎದ್ದಿದ್ದವು. ಅವಳ ಗಂಡ ಕೊಡದಿಂದ ಗೋಡೆಗೆ ನೀರು ಹೊಡೆಯುತ್ತಿದ್ದ.

"ಬಾಯಾರ! ಇಷ್ಟ ದೂರ ಯಾಕ ಬಂದ್ರಿ? ಹಿಟ್ಟು ತೀರಿತೇನ್ರಿ?"

ನಿಂತಲ್ಲೇ ಹೇಳಿದೆ. ಭಾನುವಾರ ನನ್ನ ಮನೆಯಲ್ಲಿ ಉಂಡವನು ಹೇಳಿದ್ದನ್ನು ಒಂದು ಮಾತೂ ಬಿಡದೆ, ಒಂದು ಮಾತೂ ಸೇರಿಸದೆ ಹೇಳಿದೆ. ಕೊಡದಿಂದ ನೀರು ಬೀಳುವ ಸದ್ದು ನಿಂತಿತು.

"ಖರೇನ್ರಿ ಇದು?"

"ಖರೆ-ಸುಳ್ಳು ನನಗ ಗೊತ್ತಿಲ್ಲವ್ವಾ. ಕೇಳಿಕೊಂಡು ಆಮ್ಯಾಲೆ ಸ್ಲ್ಯಾಬ್ ಹಾಕ್ರಿ."

ಶಾಂತವ್ವ ಗೋಡೆಯ ಮೇಲೆ ಕೈಯಿಟ್ಟಳು. "ಐತವಾರ ಹೇಳಿದ್ರೇನ್ರಿ ಅವರು?"

"ಹೌದು."

"ಇವತ್ತು ಮಂಗಳವಾರ್ರಿ."

"ಹೌದು."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. "ಅವರ ಹೆಸರೇನ್ರಿ?" ಎಂದಷ್ಟೇ ಕೇಳಿದಳು. ಚೀಟಿ ಕೊಟ್ಟೆ. ಅದರಲ್ಲಿ ಹೆಸರಿತ್ತು, ಕಚೇರಿಯಿತ್ತು, ಫೋನ್ ನಂಬರಿತ್ತು. ಓದಲು ಬಾರದ ಶಾಂತವ್ವ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ ಸೆರಗಿನ ತುದಿಗೆ ಕಟ್ಟಿ, ಎರಡು ಗಂಟು ಹಾಕಿದಳು. ಅರ್ಧ ನೆನೆದ ಗೋಡೆ ನಮ್ಮ ಕಣ್ಣೆದುರೇ ಮೇಲಿನಿಂದ ಒಣಗುತ್ತ ಬರುತ್ತಿತ್ತು.

ಮನೆಗೆ ಬಂದಾಗ ಏಳಾಗಿತ್ತು. ಬೆಳಗಿನ ಅರಿವೆ ಬುಟ್ಟಿಯಲ್ಲಿ ಹಾಗೆಯೇ ಇತ್ತು. ರೊಟ್ಟಿಗಳನ್ನು ತೆಗೆದು ಬೀದಿಯ ಹಸುವಿಗೆ ಹಾಕಿದೆ. ಅರಿವೆಯನ್ನು ಎರಡು ನೀರಿನಲ್ಲಿ ಜಾಲಾಡಿಸಿ, ಹಿಂಡಿ, ತಂತಿಯ ಮೇಲೆ ಹರವಿದೆ. ಅದರ ಅಂಚಿನಿಂದ ಹನಿ ಬೀಳುವುದು ನಿಲ್ಲುವವರೆಗೆ ಅಲ್ಲೇ ನಿಂತಿದ್ದು, ಅಡಿಗೆಮನೆಯ ಬಾಗಿಲು ಹಾಕಿದೆ.