ಹೆಸರು ಬರೆದ ಚಂದ್ರಿಕೆ

ಪಾಸ್‌ವರ್ಡ್ ಇಲ್ಲದೆ ಯಾರೂ ಒಳಗೆ ಬರೋಕಾಗಲ್ಲ ಅಂತ ನಾನು ಕೊಚ್ಚಿಕೊಂಡು ಎರಡು ನಿಮಿಷವೂ ಆಗಿರಲಿಲ್ಲ. ಮಡಕಶಿರದ ಹತ್ತಿರದ ಹಳ್ಳಿಯಲ್ಲಿ, ರೇಷ್ಮೆಹುಳು ಸಾಕುವವರಿಗೆ ನಾನು ಮಾಡಿದ ವೆಬ್‌ಸೈಟ್ ತೋರಿಸುತ್ತಿದ್ದೆ. ಹುಳುವಿನ ಆರೋಗ್ಯ ಬರೆದರೆ ಸಲಹೆ ಬರುತ್ತದೆ.

ಅವರಲ್ಲೊಬ್ಬರಾದ ಲಕ್ಷ್ಮಕ್ಕ ಫೋನಿನಲ್ಲಿ ತಮ್ಮ ಪುಟ ತೆರೆದರು. ಮೇಲಿನ ವಿಳಾಸದ ಕೊನೆಗೆ 41 ಅಂತಿತ್ತು. ಅದನ್ನು ಅಳಿಸಿ 42 ಒತ್ತಿದರು. ಪಕ್ಕದ ಮನೆ ರತ್ನಮ್ಮನ ಹುಳುವಿಗೆ ರೋಗ ಬಂದಿರುವುದು ಪೂರ್ತಿ ಕಾಣಿಸಿತು.

"ನಂದೂ ಅವಳು ಹಿಂಗೇ ನೋಡ್ಬೋದಲ್ಲಪ್ಪ?"

"ಪ್ರತಿ ದಾಖಲೆಗೂ ಯಾರದು ಅಂತ ಹೆಸರಿದೆಯಕ್ಕ" ಎಂದೆ.

ಅವರು ಅಂಗಳದ ಚಂದ್ರಿಕೆಗಳನ್ನು ತೋರಿಸಿದರು. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟಿಗಳ ಮೇಲೆ ಬಣ್ಣದಲ್ಲಿ ಅವರವರ ಹೆಸರಿತ್ತು.

"ಇದ್ರ ಮೇಲೂ ಹೆಸ್ರೈತೆ. ಎತ್ಕೊಂಡು ಹೋಗೋನ್ನ 'ಇದು ನಿಂದೇನಪ್ಪ' ಅಂತ ಕೇಳೋರಿಲ್ದಿದ್ರೆ ಹೆಸ್ರು ಏನ್ ಮಾಡ್ತೈತೆ?"

ಜಗಲಿ ಮೇಲೆ ಕೂತು ಆ ಪ್ರಶ್ನೆಯನ್ನೇ ಕೋಡಿಗೆ ಸೇರಿಸಿದೆ. ಇನ್ನು ದಾಖಲೆ ಕೇಳಿದವರು ಅದರ ಒಡೆಯರೇ ಆಗಿರಬೇಕು. ಲಕ್ಷ್ಮಕ್ಕ ಮತ್ತೆ 42 ಒತ್ತಿದರು. "ಇಂಥ ದಾಖಲೆ ಇಲ್ಲ" ಎಂದು ಬಂತು.

"ಈಗ್ತಾನೆ ನೋಡಿದ್ನಲ್ಲ! ಚೆನ್ನಾಗಿ ಸುಳ್ಳು ಹೇಳ್ತೈತೆ" ಎಂದು ನಕ್ಕರು. ಆಮೇಲೆ ತಮ್ಮ ಪುಟಕ್ಕೆ ಹೋಗಿ, ಅಷ್ಟು ಹೊತ್ತು ಖಾಲಿ ಬಿಟ್ಟಿದ್ದ ರೋಗದ ಕಾಲಮ್ಮಿನಲ್ಲಿ ಒಂದೊಂದೇ ಅಕ್ಷರ ಒತ್ತತೊಡಗಿದರು. ಖುಷಿಯಾಗಿ ನಾನು ಇಣುಕಿದೆ.

ಲಕ್ಷ್ಮಕ್ಕ ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡರು. "ನಲವತ್ತೊಂದು ನಿಂದೇನಪ್ಪ?"